ಉಪ್ಪಿನ ಲೆಕ್ಕವೂ ಸಕ್ಕರೆಯ ಬೆಳಕೂ

ಮನೆಯಲ್ಲಿ ಓದತಕ್ಕ ಗ್ರಂಥಗಳನ್ನು ಕುರಿತು ಈ ಪುಟದಲ್ಲಿ ನಾವು ತಿಂಗಳು ತಿಂಗಳೂ ಎರಡು ಮಾತು ಬರೆಯುತ್ತ ಬಂದಿರುವುದು ವಾಚಕರಿಗೆ ತಿಳಿದೇ ಇದೆ. ಕಾವ್ಯ, ಚರಿತ್ರೆ, ಜೀವನಚರಿತ್ರೆಗಳ ವಿಷಯವಾಗಿ ನಮಗೆ ಬರುವ ಕಾಗದಗಳು ಈಚೆಗೆ ಕಡಮೆಯಾಗಿವೆ. ಅವುಗಳಿಗೆ ಬದಲಾಗಿ ಯಂತ್ರಗಳು, ಅಂಕಿ ಅಂಶಗಳು, ಮಕ್ಕಳ ಕಲಿಕೆ ಇವುಗಳನ್ನು ಕುರಿತು ಏನನ್ನು ಓದಬೇಕು, ಯಾರಿಂದ ಓದಿಸಬೇಕು ಎಂಬ ಪ್ರಶ್ನೆಗಳೇ ಹೆಚ್ಚಾಗಿ ಬರುತ್ತಿವೆ. ಅವುಗಳಲ್ಲಿ ಒಂದನ್ನು ಮಾತ್ರ ಇಲ್ಲಿ ಪ್ರಸ್ತಾಪಿಸುವೆವು. ಗೃಹಿಣಿಯೊಬ್ಬರ ಮಗನು ಒಂಬತ್ತನೆಯ ತರಗತಿಯಲ್ಲಿರುವನು. ಶಾಲೆಯಲ್ಲಿ ಮನೆಗೆಂದು ಕೊಟ್ಟ ಲೆಕ್ಕವನ್ನೂ ಪ್ರಬಂಧವನ್ನೂ ಮೊಬೈಲಿನೊಳಗಿನ ಯಂತ್ರದಿಂದ ಬರೆಯಿಸಿಕೊಂಡು, ಅಂದವಾದ ಅಕ್ಷರದಲ್ಲಿ ನಕಲು ಮಾಡಿಕೊಂಡು ಹೋಗುವನು. ಉಪಾಧ್ಯಾಯರು ಮೆಚ್ಚಿ ಸರಿ ಗುರುತು ಹಾಕಿ ಕಳುಹಿಸುವರು. ಆದರೆ ತಿಂಗಳ ಕೊನೆಗೆ ಹಾಲಿನ ಲೆಕ್ಕವನ್ನು ಕೂಡಿ ಹೇಳಪ್ಪಾ ಎಂದರೆ ತಾಯಿಯ ಮುಖವನ್ನು ನೋಡುತ್ತ ನಿಲ್ಲುವನು. ಇಂಥವನಿಗೆ ಇನ್ನು ಮುಂದೆ ಪುಸ್ತಕವನ್ನು ಕೊಡಿಸುವುದರಿಂದ ಪ್ರಯೋಜನವುಂಟೇ ಎಂದು ಆ ತಾಯಿಯವರು ಕೇಳಿರುತ್ತಾರೆ.

ಪ್ರಯೋಜನವುಂಟೆಂದೇ ನಮ್ಮ ಅಭಿಪ್ರಾಯ. ಆದರೆ ಎಲ್ಲ ಪುಸ್ತಕಗಳಿಂದಲೂ ಅಲ್ಲ. ಯಂತ್ರಗಳನ್ನು ಕುರಿತು ಇಂದು ಅಂಗಡಿಗಳಲ್ಲಿ ರಾಶಿ ಬಿದ್ದಿರುವ ಗ್ರಂಥಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಹೆದರಿಸತಕ್ಕವು; ಮಿಕ್ಕವು ಆಸೆ ಹುಟ್ಟಿಸತಕ್ಕವು. ಇವೆರಡೂ ಗೃಹಸ್ಥರಿಗೆ ಬೇಡ. ನಾವು ಇಲ್ಲಿ ಹೇಳುವವು ಕೆಲವೇ. ಅವುಗಳಲ್ಲಿ ಬಹುಪಾಲು ಹಳೆಯವು.

ಮೊದಲು ಒಂದು ಶಬ್ದದ ವಿಚಾರ. ಡೇಟಾ ಎಂಬ ಮಾತು ಈಗ ಹಳ್ಳಿಯ ಅಂಗಡಿಯಲ್ಲಿಯೂ ಕೇಳಿಬರುವುದು. ಅದು ಲ್ಯಾಟಿನ್ ಭಾಷೆಯ ಶಬ್ದ. ಕೊಡಲ್ಪಟ್ಟವುಗಳು ಎಂದು ಅದರ ಅರ್ಥ. ನಮ್ಮ ಸಂಸ್ಕೃತದ ದಾ ಧಾತುವಿಗೂ ಅದಕ್ಕೂ ಮೂಲ ಒಂದೇ. ಆದಕಾರಣ ಕನ್ನಡದಲ್ಲಿ ದತ್ತಾಂಶವೆಂದು ಮಾಡಿಕೊಂಡಿರುವುದು ಬಹಳ ಯುಕ್ತವಾಗಿದೆ. ಆದರೆ ದತ್ತವೆಂದ ಮೇಲೆ ದಾತೃವೊಬ್ಬನು ಇದ್ದೇ ಇರಬೇಕಷ್ಟೆ. ಪತ್ರಿಕೆಯಲ್ಲಿ ಅಂಕಿಯೊಂದನ್ನು ಕಂಡೊಡನೆ ಅದು ಉದ್ಭವಲಿಂಗದಂತೆ ತಾನಾಗಿ ಮೂಡಿತೆಂದು ನಾವು ಭಾವಿಸುತ್ತೇವೆ. ಕೊಟ್ಟವನಾರು, ಏತಕ್ಕಾಗಿ ಕೊಟ್ಟನು ಎಂದು ಕೇಳುವುದಿಲ್ಲ. ಆಸ್ತಿಯ ವಿಷಯದಲ್ಲಾದರೋ ನಮ್ಮ ಗೃಹಸ್ಥರು ಇಂಥ ಮೈಮರೆವಿಗೆ ಎಡೆಗೊಡುವವರಲ್ಲ. ದಾನವಾಗಿ ಬಂದದ್ದು ಯಾವುದು, ಸ್ವಾರ್ಜಿತವಾದದ್ದು ಯಾವುದು ಎಂಬುದನ್ನು ಓದುಬರಹವಿಲ್ಲದ ಅಜ್ಜಿಯೂ ಬಲ್ಲಳು. ವಿದ್ಯೆಯ ವಿಷಯದಲ್ಲಿಯೂ ಇದೇ ವಿಭಾಗವನ್ನು ಇಟ್ಟುಕೊಂಡು ನಾವು ಈ ಪುಸ್ತಕಗಳನ್ನು ಆರಿಸಿರುತ್ತೇವೆ.

ದತ್ತದ ವಿಷಯದಲ್ಲಿ ಮೊದಲು ಹೇಳತಕ್ಕದ್ದು ಸಿ. ಆರ್. ರಾವ್ ಅವರ 'ಸ್ಟ್ಯಾಟಿಸ್ಟಿಕ್ಸ್ ಅಂಡ್ ಟ್ರುತ್' ಎಂಬ ಗ್ರಂಥ. 1989ರಲ್ಲಿ ಅಚ್ಚಾದ ಇದು ರಾಮಾನುಜನ್ ಸ್ಮಾರಕೋಪನ್ಯಾಸಗಳ ರೂಪದಲ್ಲಿ ಹೇಳಿದ್ದು. ಆದಕಾರಣ ಓದುವುದಕ್ಕಿಂತ ಕೇಳುವಂತಿದೆ. ಗ್ರಂಥಕರ್ತರು ಹುಟ್ಟಿದ್ದು 1920ರಲ್ಲಿ, ಹೂವಿನಹಡಗಲಿಯಲ್ಲಿ. ಆ ಊರು ಆಗ ಮದರಾಸು ಆಧಿಪತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು, ಈಗ ನಮ್ಮ ವಿಜಯನಗರ ಜಿಲ್ಲೆಯಲ್ಲಿದೆ. ತೆಲುಗು ಮನೆಮಾತಿನ ಕುಟುಂಬ. ಎಂಟನೆಯ ಮಗುವಾದ್ದರಿಂದ ಕೃಷ್ಣನ ಹೆಸರನ್ನು ಸೇರಿಸಿ ರಾಧಾಕೃಷ್ಣನೆಂದು ಕರೆದರು. ಇಪ್ಪತ್ತೈದನೆಯ ವಯಸ್ಸಿನಲ್ಲಿ, 1945ರಲ್ಲಿ, ಕಲ್ಕತ್ತೆಯ ಗಣಿತ ಸಂಘದ ಪತ್ರಿಕೆಯಲ್ಲಿ ಇವರು ಬರೆದ ಲೇಖನವೊಂದರ ಫಲವನ್ನು ಇಂದಿಗೂ ಲೋಕದ ಎಲ್ಲ ವಿಶ್ವವಿದ್ಯಾನಿಲಯಗಳಲ್ಲಿ ಇವರ ಹೆಸರಿನಿಂದಲೇ ಕಲಿಸುವರು. 2023ರಲ್ಲಿ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿಯನ್ನು ಪಡೆದು, ಅದೇ ವರ್ಷ ಆಗಸ್ಟಿನಲ್ಲಿ ತಮ್ಮ 102ನೆಯ ವಯಸ್ಸಿನಲ್ಲಿ ತೀರಿಕೊಂಡರು. ಈ ಪುಸ್ತಕವನ್ನು ಅವರು ತಮ್ಮ ತಾಯಿಯವರಿಗೆ ಅರ್ಪಿಸಿದ್ದಾರೆ. ಚಿಕ್ಕಂದಿನಲ್ಲಿ ಆಕೆ ದಿನವೂ ಬೆಳಗಿನ ಜಾವ ನಾಲ್ಕು ಗಂಟೆಗೆ ಎಬ್ಬಿಸಿ, ಎಣ್ಣೆಯ ದೀಪವನ್ನು ಹಚ್ಚಿ, ಓದಲು ಕೂರಿಸುತ್ತಿದ್ದರೆಂಬುದನ್ನು ಅರ್ಪಣೆಯಲ್ಲಿ ನೆನೆದಿದ್ದಾರೆ. ದೊಡ್ಡ ದೊಡ್ಡ ಪ್ರಶಸ್ತಿಗಳ ಪಟ್ಟಿಗಿಂತ ಆ ನಾಲ್ಕು ಪಂಕ್ತಿಗಳೇ ನಮಗೆ ಹೆಚ್ಚು ಹಿಡಿಸಿದವು.

ಈ ಗ್ರಂಥದಲ್ಲಿ ಬರುವ ಒಂದು ಸಂಗತಿಯನ್ನು ವಿಸ್ತಾರವಾಗಿ ಹೇಳುವುದು ಅವಶ್ಯವೆಂದು ತೋರುವುದು. 1947ರಲ್ಲಿ ದೇಶವು ವಿಭಾಗವಾದಾಗ ದೆಹಲಿಯಲ್ಲಿ ಕೋಮುಗಲಭೆಗಳೆದ್ದುವು. ಪ್ರಾಣಭಯದಿಂದ ಓಡಿಬಂದ ಅಸಂಖ್ಯಾತ ಜನರಿಗೆ ಕೆಂಪುಕೋಟೆಯಲ್ಲಿಯೂ, ಸ್ವಲ್ಪ ಮಂದಿಗೆ ಹುಮಾಯೂನನ ಗೋರಿಯ ಆವರಣದಲ್ಲಿಯೂ ಆಶ್ರಯ ದೊರಕಿತು. ಇವರಿಗೆ ಊಟವನ್ನು ಒದಗಿಸುವ ಕೆಲಸವನ್ನು ಸರ್ಕಾರದವರು ಕಂಟ್ರಾಕ್ಟುದಾರರಿಗೆ ವಹಿಸಿದರು. ಒಳಗೆ ಇರುವವರು ಎಷ್ಟು ಮಂದಿ ಎಂಬುದು ಸರ್ಕಾರಕ್ಕೆ ಗೊತ್ತಿಲ್ಲ. ಕಂಟ್ರಾಕ್ಟುದಾರರು ಇಷ್ಟು ಅಕ್ಕಿ, ಇಷ್ಟು ಬೇಳೆ, ಇಷ್ಟು ಉಪ್ಪು ಎಂದು ಬರೆದುಕೊಟ್ಟ ಪಟ್ಟಿಗೆ ಹಣವನ್ನು ಕೊಡದೆ ವಿಧಿಯಿಲ್ಲ. ವೆಚ್ಚವು ಮಿತಿಮೀರಿ ಏರುತ್ತಿರುವುದನ್ನು ಕಂಡು, ಜನರ ಸಂಖ್ಯೆಯನ್ನು ಕಂಡುಹಿಡಿಯಿರೆಂದು ಸಂಖ್ಯಾಶಾಸ್ತ್ರಜ್ಞರಿಗೆ ಹೇಳಿಕಳುಹಿಸಿದರು. ಆದರೆ ಆ ದಿನಗಳ ಉದ್ವಿಗ್ನ ಸ್ಥಿತಿಯಲ್ಲಿ ಅವರು ಕೋಟೆಯೊಳಗೆ ಹೋಗಿ ತಲೆ ಎಣಿಸುವಂತೆಯೂ ಇರಲಿಲ್ಲ. ಅವರ ಕೈಯಲ್ಲಿದ್ದದ್ದು ಕಂಟ್ರಾಕ್ಟುದಾರರ ಆ ಪಟ್ಟಿ ಮಾತ್ರ, ಅದಾದರೋ ನಂಬತಕ್ಕದ್ದಲ್ಲ.

ಇನ್ನೇನು ಮಾಡಬೇಕು? ಒಬ್ಬ ಮನುಷ್ಯನು ದಿನವೊಂದಕ್ಕೆ ಸರಾಸರಿ ಎಷ್ಟು ಅಕ್ಕಿ, ಎಷ್ಟು ಬೇಳೆ, ಎಷ್ಟು ಉಪ್ಪನ್ನು ಉಣ್ಣುವನೆಂಬುದು ಬೇರೆ ಸಮೀಕ್ಷೆಗಳಿಂದ ತಿಳಿದಿತ್ತು. ಪಟ್ಟಿಯಲ್ಲಿಯ ಅಕ್ಕಿಯನ್ನು ತಲಾ ಅಕ್ಕಿಯಿಂದ ಭಾಗಿಸಿದರೆ ಜನಸಂಖ್ಯೆ ಬರಬೇಕು, ಬೇಳೆಯಿಂದಲೂ ಅದೇ ಬರಬೇಕು, ಉಪ್ಪಿನಿಂದಲೂ ಅದೇ. ಮೂರೂ ಒಂದೇ ಆಗಿದ್ದರೆ ಪಟ್ಟಿಯು ನಿಜ. ವಾಚಕರಿಗೆ ಸುಲಭವಾಗಲೆಂದು ನಾವೇ ಕಲ್ಪಿಸಿದ ಅಂಕಿಗಳನ್ನು ಇಲ್ಲಿ ಕೊಡುವೆವು. ಪಟ್ಟಿಯಲ್ಲಿ ಅಕ್ಕಿ 1,200 ಕಿಲೋ, ತಲೆಗೆ 400 ಗ್ರಾಮು. ಹಾಗಾದರೆ 3,000 ಜನ. ಬೇಳೆ 150 ಕಿಲೋ, ತಲೆಗೆ 60 ಗ್ರಾಮು, 2,500 ಜನ. ಉಪ್ಪು 20 ಕಿಲೋ, ತಲೆಗೆ 10 ಗ್ರಾಮು; 2,000 ಜನ. ಒಂದೇ ಪಂಕ್ತಿಯಲ್ಲಿ ಕುಳಿತವರು ಅನ್ನಕ್ಕೆ ಮೂರು ಸಾವಿರ, ಉಪ್ಪಿಗೆ ಎರಡು ಸಾವಿರ ಆಗುವುದು ಹೇಗೆ? ನಿಜವಾಗಿಯೂ ಆದದ್ದು ಈ ಬಗೆಯದೇ. ಅಕ್ಕಿಯ ಲೆಕ್ಕದಿಂದ ಬಂದ ಸಂಖ್ಯೆಯು ಎಲ್ಲಕ್ಕಿಂತ ದೊಡ್ಡದು, ಉಪ್ಪಿನ ಲೆಕ್ಕದಿಂದ ಬಂದದ್ದು ಎಲ್ಲಕ್ಕಿಂತ ಸಣ್ಣದು. ಶಾಸ್ತ್ರಜ್ಞರು ಉಪ್ಪಿನ ಸಂಖ್ಯೆಯನ್ನೇ ಹಿಡಿದರು. ಏಕೆಂದರೆ ಉಪ್ಪಿಗೆ ಆಗ ಬೆಲೆಯೇ ಇರಲಿಲ್ಲವೆನ್ನಬಹುದು. ಅದರಲ್ಲಿ ಸುಳ್ಳು ಬರೆದು ಯಾರೂ ಹಣ ಮಾಡಿಕೊಳ್ಳುವಂತಿರಲಿಲ್ಲ. ಚಿಕ್ಕ ಶಿಬಿರವಾದ ಹುಮಾಯೂನನ ಗೋರಿಯಲ್ಲಿದ್ದವರ ಸಂಖ್ಯೆಯು ಬೇರೆ ಮಾರ್ಗದಿಂದ ತಿಳಿದುಬಂದಾಗ ಉಪ್ಪಿನ ಲೆಕ್ಕವು ಅದಕ್ಕೆ ಸಮೀಪವಾಗಿತ್ತು.

ಇಲ್ಲಿ ಗಣಿತವೆಷ್ಟು? ಮೂರು ಭಾಗಾಕಾರಗಳು, ಐದನೆಯ ತರಗತಿಯ ಹುಡುಗಿಯೂ ಮಾಡಬಲ್ಲಳು. ಜಾಣತನವಿರುವುದು ಭಾಗಾಕಾರದಲ್ಲಲ್ಲ, ಯಾವ ಅಂಕಿಯಲ್ಲಿ ಸುಳ್ಳು ಹೇಳುವುದರಿಂದ ಕೊಟ್ಟವನಿಗೆ ಲಾಭವಿಲ್ಲವೋ ಅದನ್ನು ಹುಡುಕಿದುದರಲ್ಲಿ. ಮದುವೆಯ ಮನೆಯಲ್ಲಿ ಬಾಣಸಿಗನ ದಿನಸಿ ಪಟ್ಟಿಯನ್ನು ನಂಬದೆ ಎಂಜಲೆಲೆಗಳನ್ನು ಎಣಿಸುತ್ತಿದ್ದ ಹಿರಿಯರನ್ನು ನಾವು ಕಂಡಿದ್ದೇವೆ. ಅವರು ಯಾವ ಸಂಖ್ಯಾಶಾಸ್ತ್ರವನ್ನೂ ಓದಿದವರಲ್ಲ. ರಾವ್ ಅವರ ಪುಸ್ತಕದಲ್ಲಿ ಕೆಲವು ಭಾಗಗಳು ಗಣಿತವನ್ನು ಕಲಿಯದವರಿಗೆ ಕಠಿನವಾಗಿವೆ. ಅವುಗಳನ್ನು ಸಂಕೋಚವಿಲ್ಲದೆ ಬಿಟ್ಟು ಮುಂದೆ ಹೋಗಬಹುದು.

ಇದಕ್ಕಿಂತ ಸುಲಭವಾದದ್ದು ಅಮೆರಿಕದ ಡ್ಯಾರೆಲ್ ಹಫ್ ಎಂಬ ಪತ್ರಿಕಾಕರ್ತನು 1954ರಲ್ಲಿ ಬರೆದ 'ಹೌ ಟು ಲೈ ವಿತ್ ಸ್ಟ್ಯಾಟಿಸ್ಟಿಕ್ಸ್'. ಅಂಕಿಗಳಿಂದ ಸುಳ್ಳು ಹೇಳುವ ಬಗೆ ಎಂದು ಹೆಸರು; ಕಳ್ಳನ ಯುಕ್ತಿಗಳನ್ನು ಮನೆಯವನಿಗೆ ತಿಳಿಸುವುದು ಉದ್ದೇಶ. ಸಣ್ಣ ಪುಸ್ತಕ, ನಗೆಚಿತ್ರಗಳುಂಟು, ಎರಡು ಮಧ್ಯಾಹ್ನಗಳಲ್ಲಿ ಮುಗಿಯುವುದು. ಯೇಲ್ ವಿಶ್ವವಿದ್ಯಾನಿಲಯದಿಂದ 1924ರಲ್ಲಿ ಹೊರಬಿದ್ದವರ ಸರಾಸರಿ ವರಮಾನವು ವರ್ಷಕ್ಕೆ 25,111 ಡಾಲರು ಎಂಬ ಪತ್ರಿಕಾವಾರ್ತೆಯನ್ನು ಹಿಡಿದು ಆತನು ಮಾಡುವ ವಿಚಾರಣೆಯು ಸೊಗಸಾಗಿದೆ. ಕಾಗದ ಬರೆದು ಕೇಳಿದಾಗ ಉತ್ತರ ಕೊಟ್ಟವರು ಯಾರು? ವಿಳಾಸ ಸಿಕ್ಕಿದವರು. ವಿಳಾಸ ಸಿಕ್ಕದವರು ಯಾರು? ಬಹುಶಃ ಏಳಿಗೆಗೆ ಬಾರದವರು. ಉತ್ತರ ಕೊಟ್ಟವರಲ್ಲಿಯೂ ಹೆಚ್ಚಿಸಿ ಹೇಳಿಕೊಂಡವರೆಷ್ಟು ಮಂದಿಯೋ. ಹೀಗಿದ್ದೂ ಕೊನೆಯ ಹನ್ನೊಂದು ಡಾಲರಿನವರೆಗೆ ನಿಖರವಾದ ಸಂಖ್ಯೆ! ಸರಾಸರಿಯ ಮೋಸವನ್ನು ನಾವು ನಮ್ಮ ಬೀದಿಯ ಮಾತಿನಲ್ಲಿಯೇ ಹೇಳಬಹುದು. ಹತ್ತು ಮನೆಗಳ ಬೀದಿಯಲ್ಲಿ ಒಂಬತ್ತು ಮನೆಯವರಿಗೆ ತಿಂಗಳಿಗೆ 20,000 ರೂಪಾಯಿ, ಹತ್ತನೆಯವರಿಗೆ 8,20,000 ರೂಪಾಯಿ ವರಮಾನವಿದ್ದರೆ, ಬೀದಿಯ ಸರಾಸರಿಯು ಒಂದು ಲಕ್ಷವಾಗುವುದು. ಒಂದು ಲಕ್ಷ ಬರುವವರು ಆ ಬೀದಿಯಲ್ಲಿ ಒಬ್ಬರೂ ಇಲ್ಲ.

ಆದರೆ ಈ ಗ್ರಂಥಕರ್ತನ ಮುಂದಿನ ಕಥೆಯನ್ನು ಮುಚ್ಚಿಡುವುದು ಸರಿಯಲ್ಲ. ಧೂಮಪಾನದಿಂದ ಶ್ವಾಸಕೋಶದ ಅರ್ಬುದರೋಗ ಬರುವುದೆಂದು ವೈದ್ಯರು ಅಂಕಿ ಅಂಶಗಳಿಂದ ತೋರಿಸಿದ ಮೇಲೆ, ಸಿಗರೇಟಿನ ಉದ್ಯಮಿಗಳು ಈತನಿಗೆ ಹಣ ಕೊಟ್ಟು, 1965ರಲ್ಲಿ ಅಮೆರಿಕದ ಕಾಂಗ್ರೆಸ್ಸಿನ ವಿಚಾರಣೆಯಲ್ಲಿ ಆ ಅಂಕಿಗಳನ್ನು ಹಾಸ್ಯಮಾಡಿ ಸಾಕ್ಷಿ ಹೇಳಿಸಿದರು. ಸುಳ್ಳನ್ನು ಹಿಡಿಯಲು ಕಲಿಸಿದವನೇ ನಿಜವನ್ನು ಸಂಶಯಕ್ಕೆ ಗುರಿಮಾಡುವವರ ಸಂಬಳಕ್ಕೆ ನಿಂತನು. ಪುಸ್ತಕವನ್ನು ಇದಕ್ಕಾಗಿ ಬಿಡಬೇಕೆಂದು ನಾವು ಹೇಳುವುದಿಲ್ಲ. ಅದರೊಳಗಿನ ಪಾಠಗಳು ಸರಿಯಾಗಿಯೇ ಇವೆ. ಮಕ್ಕಳಿಗೆ ಪುಸ್ತಕವನ್ನು ಕೊಡುವಾಗ ಈ ಕಥೆಯನ್ನೂ ಕೂಡಿಸಿ ಹೇಳಬೇಕು. ಎಲ್ಲವನ್ನೂ ಸಂಶಯಿಸಲು ಮಾತ್ರ ಕಲಿತ ಹುಡುಗನು ಏನನ್ನೂ ತಿಳಿಯಲಾರನು.

ಇದೇ ಸಾಲಿನಲ್ಲಿ ಕ್ಯಾಥಿ ಓನೀಲ್ ಎಂಬಾಕೆಯು 2016ರಲ್ಲಿ ಬರೆದ 'ವೆಪನ್ಸ್ ಆಫ್ ಮ್ಯಾತ್ ಡಿಸ್ಟ್ರಕ್ಷನ್' ಎಂಬುದನ್ನು ಉಪಾಧ್ಯಾಯವೃತ್ತಿಯವರು ಓದಲೇಬೇಕು. ವಾಷಿಂಗ್ಟನ್ ನಗರದಲ್ಲಿ ಶಿಕ್ಷಕರಿಗೆ ಗಣಕಯಂತ್ರದಿಂದ ಅಂಕ ಹಾಕುವ ಪದ್ಧತಿಯನ್ನು ತಂದಾಗ, ಮುಖ್ಯೋಪಾಧ್ಯಾಯರೂ ತಾಯಿತಂದೆಗಳೂ ಮೆಚ್ಚಿದ್ದ ಉಪಾಧ್ಯಾಯಿನಿಯೊಬ್ಬರು 2011ರಲ್ಲಿ ಅಂಕ ಸಾಲದೆ ಕೆಲಸವನ್ನು ಕಳೆದುಕೊಂಡರು. ಅವರ ತರಗತಿಗೆ ಬಂದ ಮಕ್ಕಳಲ್ಲಿ ಹಲವರು ಹಿಂದಿನ ಶಾಲೆಯಿಂದ ದೊಡ್ಡ ದೊಡ್ಡ ಅಂಕಗಳನ್ನು ತಂದಿದ್ದರು, ಆದರೆ ಸರಿಯಾಗಿ ಓದಲಾರದವರಾಗಿದ್ದರು. ಆ ಹಳೆಯ ಉತ್ತರಪತ್ರಿಕೆಗಳನ್ನು ಯಾರೋ ತಿದ್ದಿರಬೇಕೆಂದು ಆಕೆಗೆ ಸಂಶಯ. ತಿದ್ದಿದ ಅಂಕಿಯಿಂದ ಮೊದಲುಮಾಡಿ ಅಳೆದರೆ, ಪ್ರಾಮಾಣಿಕವಾಗಿ ಕಲಿಸಿದವರ ತರಗತಿಯು ಕೆಳಗಿಳಿದಂತೆ ತೋರುವುದು ಸಹಜವೇ. ಯಂತ್ರಕ್ಕೆ ಕೊಡಲ್ಪಟ್ಟದ್ದು ಗೊತ್ತು, ಕೊಟ್ಟವರು ಗೊತ್ತಿಲ್ಲ. ಈ ಗ್ರಂಥದ ಧಾಟಿಯು ಕೆಲವೆಡೆ ವಕೀಲರ ವಾದದಂತಿದೆ. ಎದುರುಪಕ್ಷದ ಮಾತನ್ನೂ ಇನ್ನಷ್ಟು ಹೇಳಬಹುದಾಗಿತ್ತು.

ಇನ್ನು ಸ್ವಾರ್ಜಿತದ ಮಾತು. ಕಲಿಕೆಯನ್ನು ಕುರಿತು ಶಾಸ್ತ್ರೀಯವಾದ ಗ್ರಂಥಗಳು ಅನೇಕವುಂಟು. ಅವುಗಳಿಂದ ಮನೆಯವರಿಗೆ ಆಗಬೇಕಾದದ್ದು ಸ್ವಲ್ಪವೇ. ಅಮೆರಿಕದ ಭೌತಶಾಸ್ತ್ರಜ್ಞ ರಿಚರ್ಡ್ ಫೈನ್ಮನ್ ಅವರ ನೆನಪುಗಳ ಪುಸ್ತಕವೊಂದು 1985ರಲ್ಲಿ ಬಂದಿತು. 'ಷೂರ್ಲಿ ಯೂ ಆರ್ ಜೋಕಿಂಗ್, ಮಿಸ್ಟರ್ ಫೈನ್ಮನ್' ಎಂದು ಅದರ ಹೆಸರು. ಅದರಲ್ಲಿ ಬ್ರೆಜಿಲ್ ದೇಶದ ಶಿಕ್ಷಣವನ್ನು ಕುರಿತ ಪ್ರಕರಣವೊಂದಿದೆ. ಪುಸ್ತಕದ ಮಿಕ್ಕ ಭಾಗವನ್ನು ಬಿಟ್ಟರೂ ಅದನ್ನು ಬಿಡಬಾರದು. ಬಿಡಬೇಕಾದ ಭಾಗಗಳೂ ಉಂಟು: ಹೆಂಗಸರ ವಿಷಯದಲ್ಲಿ ಆತನು ಬರೆದಿರುವ ಕೆಲವು ಪುಟಗಳು ಒಬ್ಬ ವಿದ್ವಾಂಸನಿಗೆ ಶೋಭಿಸತಕ್ಕವಲ್ಲ, ಮಕ್ಕಳ ಕೈಗೆ ಕೊಡತಕ್ಕವೂ ಅಲ್ಲ.

ಆ ಪ್ರಕರಣದ ಸಾರಾಂಶವಿದು. ರಿಯೋ ನಗರದಲ್ಲಿ ಆತನು ಪಾಠ ಹೇಳಿದ ವಿದ್ಯಾರ್ಥಿಗಳು ಪ್ರತಿಯೊಂದು ಲಕ್ಷಣವನ್ನೂ ಅಕ್ಷರ ತಪ್ಪದೆ ಒಪ್ಪಿಸುತ್ತಿದ್ದರು. ಪ್ರತಿಫಲಿಸಿದ ಬೆಳಕು ಯಾವ ಕೋನದಲ್ಲಿ ಹೇಗೆ ಮಾರ್ಪಡುವುದೆಂದು ಕೇಳಿದರೆ ಥಟ್ಟನೆ ಉತ್ತರ. ಆದರೆ ಕಿಟಕಿಯ ಆಚೆ ಕಾಣುವ ಸಮುದ್ರದ ನೀರಿನಿಂದ ಬರುವ ಬೆಳಕೂ ಪ್ರತಿಫಲಿಸಿದ ಬೆಳಕೇ ಎಂಬುದು ಅವರ ಮನಸ್ಸಿಗೆ ಹೊಳೆಯಲೇ ಇಲ್ಲ. ಅವರ ಪುಸ್ತಕದಲ್ಲಿ, ಹರಳುಗಳನ್ನು ಪುಡಿಮಾಡಿದಾಗ ಹೊರಡುವ ಬೆಳಕಿಗೆ ಇಂಥ ಹೆಸರು ಎಂದು ಬರೆದಿತ್ತು. ಇದು ವಿಜ್ಞಾನವಲ್ಲ, ಒಂದು ಶಬ್ದಕ್ಕೆ ಇನ್ನೊಂದು ಶಬ್ದ ಎಂದು ಫೈನ್ಮನ್ ಆಕ್ಷೇಪಿಸುತ್ತಾರೆ. ಸಕ್ಕರೆಯ ಗಟ್ಟಿಯೊಂದನ್ನು ಕತ್ತಲೆಯಲ್ಲಿ ಇಕ್ಕಳದಿಂದ ಒತ್ತಿ ಪುಡಿಮಾಡಿದರೆ ನೀಲಿಯ ಮಿನುಗು ಕಾಣುವುದೆಂದು ಬರೆದಿದ್ದರೆ ಯಾರಾದರೊಬ್ಬನು ಮನೆಗೆ ಹೋಗಿ ಮಾಡಿನೋಡುತ್ತಿದ್ದನು ಎಂಬುದು ಅವರ ಅಭಿಪ್ರಾಯ.

ನಮ್ಮ ಮನೆಗಳಲ್ಲಿ ಇದಕ್ಕೆ ಕಲ್ಲುಸಕ್ಕರೆ ಸಾಕು. ಅಮಾವಾಸ್ಯೆಯ ರಾತ್ರಿ, ಕಿಟಕಿಗಳಿಗೆ ಕಂಬಳಿ ಕಟ್ಟಿ, ಮೊಬೈಲನ್ನು ಹೊರಗಿಟ್ಟು, ಕಣ್ಣು ಕತ್ತಲೆಗೆ ಒಗ್ಗುವವರೆಗೆ ಹತ್ತು ನಿಮಿಷ ಸುಮ್ಮನೆ ಕುಳಿತುಕೊಂಡು, ಬಳಿಕ ಇಕ್ಕಳದಲ್ಲಿ ಕಲ್ಲುಸಕ್ಕರೆಯನ್ನು ಹಿಡಿದು ಒಡೆಯಬೇಕು. ಬೆಳಕು ಬಹಳ ಮಂದ, ಕ್ಷಣಮಾತ್ರ ಇರುವುದು. ಮೊದಲನೆಯ ಸಲ ಕಾಣದಿದ್ದರೆ ಮತ್ತೆ ಒಡೆಯಬೇಕು. ಚೂರುಗಳು ಕಣ್ಣಿಗೆ ಸಿಡಿಯದಂತೆ ಎಚ್ಚರ ಬೇಕು. ಇದರ ಹೆಸರನ್ನು ಯಂತ್ರವು ಕೂಡಲೆ ಹೇಳುವುದು. ಹರಳು ಸೀಳುವಾಗ ಧನ ಋಣ ವಿದ್ಯುತ್ತುಗಳು ಬೇರ್ಪಟ್ಟು ಗಾಳಿಯಲ್ಲಿ ಕಿಡಿ ಹಾರುವುದೆಂಬ ಕಾರಣವನ್ನೂ ಹೇಳುವುದು. ಅದೆಲ್ಲವೂ ದತ್ತ. ಕತ್ತಲೆಯಲ್ಲಿ ಕುಳಿತು ಕಂಡದ್ದು ಆ ಹುಡುಗನ ಸ್ವಾರ್ಜಿತ. ಕಾಗದ ಬರೆದ ತಾಯಿಯವರು ಪುಸ್ತಕವನ್ನು ಕೊಡುವ ಮುಂಚೆ ಇದನ್ನು ಮಾಡಿನೋಡಲೆಂದು ನಮ್ಮ ಸೂಚನೆ. ಕಂಡ ಮೇಲೆ ಏಕೆಂದು ಅವನೇ ಕೇಳುವನು. ಆಗ ಪುಸ್ತಕಕ್ಕೆ ಎಡೆಯಾಗುವುದು.

ಲೆಕ್ಕದಲ್ಲಿ ಹಿಂದುಳಿದ ಮಕ್ಕಳಿರುವ ಮನೆಗೆ ಪೋಲ್ಯ ಎಂಬ ಹಂಗೆರಿ ದೇಶದ ಗಣಿತಜ್ಞರ 'ಹೌ ಟು ಸಾಲ್ವ್ ಇಟ್' ಒಳ್ಳೆಯದು, 1945ರಲ್ಲಿ ಅಚ್ಚಾಯಿತು. ಪ್ರಶ್ನೆಯನ್ನು ಅರ್ಥಮಾಡಿಕೊ, ಉಪಾಯವನ್ನು ಯೋಚಿಸು, ನಡೆಸು, ಹಿಂದಿರುಗಿ ನೋಡು ಎಂದು ನಾಲ್ಕು ಹೆಜ್ಜೆ. ನಾಲ್ಕನೆಯದನ್ನು ನಮ್ಮ ಶಾಲೆಗಳಲ್ಲಿ ಯಾರೂ ಇಡಿಸುವುದಿಲ್ಲ. ಇದನ್ನು ಮಗುವಿಗೆ ಕೊಡದೆ ತಂದೆತಾಯಿಗಳು ತಾವು ಓದಬೇಕು. ಇನ್ನು ಜಪಾನಿನ ತೆತ್ಸುಕೊ ಕುರೊಯಾನಗಿ ಅವರ 'ತೊತ್ತೋ ಚಾನ್' 1981ರಲ್ಲಿ ಬಂದದ್ದು, ಕನ್ನಡದಲ್ಲಿಯೂ ದೊರೆಯುವುದು. ಹಳೆಯ ರೈಲುಗಾಡಿಯ ಡಬ್ಬಿಗಳನ್ನೇ ತರಗತಿಯ ಕೊಠಡಿಗಳನ್ನಾಗಿ ಮಾಡಿ, ದಿನದ ಪಾಠಗಳಲ್ಲಿ ಯಾವುದನ್ನು ಮೊದಲು ಮಾಡಬೇಕೆಂಬುದನ್ನು ಮಕ್ಕಳಿಗೇ ಬಿಟ್ಟ ಕೊಬಯಾಶಿ ಎಂಬ ಮುಖ್ಯೋಪಾಧ್ಯಾಯರ ಕಥೆ ಅದು. ಆ ಶಾಲೆಯು 1945ರಲ್ಲಿ ಯುದ್ಧದ ಬಾಂಬುಗಳಿಗೆ ಆಹುತಿಯಾಯಿತು. ಹೆಚ್ಚು ಹೇಳುವುದಿಲ್ಲ, ಓದಿರಿ.

ಸೃಷ್ಟಿಶಕ್ತಿಯನ್ನು ಕುರಿತು ಕೇಳಿದವರೂ ಉಂಟು. ಯಂತ್ರವು ಪದ್ಯ ಬರೆಯುವುದಂತೆ, ಚಿತ್ರ ಬರೆಯುವುದಂತೆ. ಇನ್ನು ಕವಿಗಳಿಗೆ ಕೆಲಸವುಂಟೇ ಎಂಬ ಮಾತು ಎಲ್ಲೆಲ್ಲಿಯೂ ಕೇಳಿಬರುತ್ತಿದೆ. ಇದು ಹೊಸ ಪ್ರಶ್ನೆಯಲ್ಲ. ಚಾರ್ಲ್ಸ್ ಬ್ಯಾಬೇಜನು ಯೋಚಿಸಿದ, ಎಂದೂ ಪೂರ್ಣವಾಗದ ಗಣನಯಂತ್ರವನ್ನು ಕುರಿತು 1843ರಲ್ಲಿ ಇಂಗ್ಲೆಂಡಿನ ಏಡಾ ಲವ್‌ಲೇಸ್ ಎಂಬ ಮಹಿಳೆಯು, ಆಗ ಆಕೆಗೆ 27 ವಯಸ್ಸು, ಮತ್ತೊಬ್ಬರ ಲೇಖನವನ್ನು ಭಾಷಾಂತರಿಸಿ ಅದಕ್ಕೆ ಟಿಪ್ಪಣಿಗಳನ್ನು ಬರೆದಳು. ಮೂಲಕ್ಕಿಂತ ವ್ಯಾಖ್ಯಾನವೇ ದೊಡ್ಡದು. ನಮ್ಮ ಮಲ್ಲಿನಾಥನ ವಂಶದವಳೆಂದರೂ ಸಲ್ಲುವುದು. ರಂಧ್ರಗಳುಳ್ಳ ರಟ್ಟುಗಳಿಂದ ಜಕಾರ್ಡ್ ಮಗ್ಗವು ಹೂಬಳ್ಳಿಗಳನ್ನು ನೆಯ್ಯುವಂತೆ ಈ ಯಂತ್ರವು ಬೀಜಗಣಿತವನ್ನು ನೆಯ್ಯುವುದೆಂದು ಆಕೆಯ ಹೋಲಿಕೆ. ಜಕಾರ್ಡನ್ನು ನಮ್ಮ ರೇಷ್ಮೆಯ ನೇಕಾರರ ಮಗ್ಗಗಳ ಮೇಲೆಯೂ ಕಾಣಬಹುದಾದ್ದರಿಂದ ಹೋಲಿಕೆಯು ಕಣ್ಣಿಗೆ ಕಟ್ಟುವುದು. ಆದರೆ ಯಂತ್ರವು ತಾನಾಗಿ ಏನನ್ನೂ ಹುಟ್ಟಿಸಲಾರದು, ನಾವು ಅಪ್ಪಣೆಮಾಡಲು ಬಲ್ಲದ್ದನ್ನು ಮಾತ್ರ ಮಾಡುವುದು ಎಂದಳು. ನೂರೇಳು ವರ್ಷಗಳ ಅನಂತರ, 1950ರಲ್ಲಿ, ಆಲನ್ ಟ್ಯೂರಿಂಗ್ ಎಂಬ ಗಣಿತಜ್ಞನು 'ಮೈಂಡ್' ಎಂಬ ಪತ್ರಿಕೆಯಲ್ಲಿ ಈ ಮಾತನ್ನು ಪೂರ್ವಪಕ್ಷವಾಗಿ ಎತ್ತಿಕೊಂಡು ಖಂಡಿಸಿದನು: ಯಂತ್ರಗಳು ತನ್ನನ್ನು ಆಗಾಗ್ಗೆ ಬೆರಗುಗೊಳಿಸಿವೆ, ಮಗುವಿನ ಮನಸ್ಸಿನಂಥ ಯಂತ್ರವನ್ನು ಮಾಡಿ ಅದಕ್ಕೆ ಪಾಠ ಹೇಳಿದರೆ ಆಗದೇಕೆ? ಟ್ಯೂರಿಂಗನ ಲೇಖನವು ಮೂವತ್ತು ಪುಟಗಳಿಗೆ ಸಮೀಪ. ಇಂಗ್ಲಿಷು ಬಲ್ಲ ಕಾಲೇಜಿನ ಮಕ್ಕಳು ಧಾರಾಳವಾಗಿ ಓದಬಹುದು. ಈಗಿನ ಯಂತ್ರಗಳ ವಿಷಯದ ಹತ್ತು ಪುಸ್ತಕಗಳಿಗಿಂತ ಇದೊಂದು ಮೇಲು.

ಸಂಸ್ಕೃತ ಛಂದಸ್ಸನ್ನು ಓದಿದವರಿಗೆ ಈ ವಾದವನ್ನು ನೋಡಲು ಬೇರೊಂದು ಕಿಟಕಿಯುಂಟು. ಲಘು ಗುರುಗಳನ್ನು ಎಷ್ಟು ಬಗೆಯಲ್ಲಿ ಜೋಡಿಸಬಹುದೋ ಅಷ್ಟನ್ನೂ ಸಾಲಾಗಿ ಬರೆಯುವ ಕ್ರಮಕ್ಕೆ ಪ್ರಸ್ತಾರವೆಂದು ಹೆಸರು; ಪಿಂಗಲನ ಸೂತ್ರಗಳಲ್ಲಿಯೇ ಇದರ ವಿಧಿಯಿದೆ. ಮೂರಕ್ಷರಗಳಿಗೆ ಎಂಟು ಬಗೆ; ಅವೇ ನಮ್ಮ ಯಗಣ ಮಗಣಾದಿಗಳು. ಪಂಪನಿಗೆ ಪ್ರಿಯವಾದ ಮತ್ತೇಭವಿಕ್ರೀಡಿತಕ್ಕೆ ಪಾದಕ್ಕೆ ಇಪ್ಪತ್ತು ಅಕ್ಷರ. ಅಷ್ಟಕ್ಷರಗಳ ಪ್ರಸ್ತಾರದಲ್ಲಿ 10,48,576 ಸಾಲುಗಳು ಬರುವುವು, ಅವುಗಳಲ್ಲಿ ಒಂದು ಮಾತ್ರ ಮತ್ತೇಭ. ಮಾತ್ರೆಗಳನ್ನು ಹಿಡಿದು ಎಣಿಸಿದರೆ 1, 2, 3, 5, 8, 13 ಎಂದು ಬೆಳೆಯುವ ಸಂಖ್ಯೆಗಳು ಬರುವುವು. ಇವುಗಳನ್ನು ಹನ್ನೆರಡನೆಯ ಶತಮಾನದ ಹೇಮಚಂದ್ರನು ಹೇಳಿದ ಮೇಲೆ, 1202ರಲ್ಲಿ ಇಟಲಿಯ ಫಿಬೊನಾಚಿ ಎಂಬವನು ಮೊಲಗಳ ಲೆಕ್ಕವೊಂದರಲ್ಲಿ ಕಾಣಿಸಿದನು. ಲೋಕದಲ್ಲಿ ಈಗ ಆತನ ಹೆಸರೇ ನಿಂತಿದೆ. ಕ್ನೂತ್ ಎಂಬ ಗಣಕವಿದ್ವಾಂಸನು ತನ್ನ ಮಹಾಗ್ರಂಥದಲ್ಲಿ ನಮ್ಮ ಛಾಂದಸರನ್ನು ಗೌರವದಿಂದ ಸ್ಮರಿಸಿದ್ದಾನೆ. ಆ ಗ್ರಂಥವನ್ನು ಮನೆಯಲ್ಲಿ ಓದುವಂತಿಲ್ಲ. ಭಾರವೂ ಹೆಚ್ಚು, ಬೆಲೆಯೂ ಹೆಚ್ಚು.

ಪ್ರಸ್ತಾರವನ್ನು ಯಂತ್ರವು ಕಣ್ಣು ಮುಚ್ಚಿ ತೆರೆಯುವುದರೊಳಗೆ ಬರೆದೀತು. ಆದರೆ ಹತ್ತು ಲಕ್ಷ ಸಾಲುಗಳನ್ನು ಬರೆದವನು ಕವಿಯಾಗಲಿಲ್ಲ. 2022ರ ಕೊನೆಯಲ್ಲಿ ಎಲ್ಲರ ಕೈಗೂ ಬಂದ ಚಾಟ್‌ಜಿಪಿಟಿಯಂಥ ಯಂತ್ರಗಳು ಬರಿಯ ಪ್ರಸ್ತಾರವನ್ನು ಮಾಡತಕ್ಕವಲ್ಲ ಎಂಬುದನ್ನು ನ್ಯಾಯವಾಗಿ ಒಪ್ಪಬೇಕು. ಜನರು ಈವರೆಗೆ ಬರೆದಿಟ್ಟ ಅಪಾರವಾದ ಬರಹವನ್ನು ಅವುಗಳಿಗೆ ಉಣಿಸಿ, ಯಾವ ಮಾತಿನ ಹಿಂದೆ ಯಾವ ಮಾತು ಬರುವುದು ಸಂಭವವೆಂಬುದನ್ನು ಪಳಗಿಸಿದ್ದಾರೆ. ಇಂಗ್ಲಿಷಿನ ಬರಹವು ಸಮುದ್ರದಷ್ಟು, ಕನ್ನಡದ್ದು ಕೆರೆಯಷ್ಟು ದೊರೆತುದರಿಂದ ಕನ್ನಡದಲ್ಲಿ ಅವು ಹೆಚ್ಚಾಗಿ ಎಡವುವುವು. ಮಮ್ಮಟನು ಕಾವ್ಯಕ್ಕೆ ಶಕ್ತಿ, ನೈಪುಣ್ಯ, ಅಭ್ಯಾಸ ಈ ಮೂರೂ ಕೂಡಿ ಒಂದೇ ಕಾರಣವೆಂದು ಹೇಳುವನು. ಯಂತ್ರದಲ್ಲಿ ಅಭ್ಯಾಸವು ಉಂಟು, ನಮ್ಮೆಲ್ಲರನ್ನೂ ಮೀರಿಸುವಷ್ಟು. ಗ್ರಂಥಗಳಿಂದ ಬಂದ ನೈಪುಣ್ಯವೂ ಉಂಟು. ಲೋಕವನ್ನು ಕಣ್ಣಾರೆ ನೋಡಿ ಬಂದ ನೈಪುಣ್ಯವಿಲ್ಲ. ಶಕ್ತಿಯ ವಿಷಯವನ್ನು ಪಂಡಿತರು ಚರ್ಚಿಸಲಿ. ನಮಗೆ ಕಳವಳವಿರುವುದು ಯಂತ್ರದ ಶಕ್ತಿಯ ವಿಷಯದಲ್ಲಲ್ಲ, ಒಂಬತ್ತನೆಯ ತರಗತಿಯ ಹುಡುಗನ ಅಭ್ಯಾಸದ ವಿಷಯದಲ್ಲಿ. ಮೂರರಲ್ಲಿ ತನ್ನ ಪ್ರಯತ್ನದಿಂದಲೇ ಸಂಪಾದಿಸಬಹುದಾದ ಅದೊಂದನ್ನು ಆತನು ಮೊಬೈಲಿಗೆ ಒಪ್ಪಿಸಿ ಕುಳಿತಿದ್ದಾನೆ. ಪ್ರಬಂಧವನ್ನು ಮೊದಲು ತಾನೇ ಬರೆದು, ಆಮೇಲೆ ಯಂತ್ರದ್ದನ್ನು ಪಕ್ಕದಲ್ಲಿಟ್ಟು, ಅದರಲ್ಲಿ ತಪ್ಪು ಹುಡುಕಲಿ. ಹುಡುಕಿದರೆ ಸಿಕ್ಕುವುವು.

ಕನ್ನಡದಲ್ಲಿ ಏನಿದೆ ಎಂದು ಕೇಳುವವರಿಗೆ ಉತ್ತರವು ಅಷ್ಟೇನೂ ಬಡವಾದದ್ದಲ್ಲ. 1918ರಲ್ಲಿಯೇ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ ಸೇರಿ 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನು ಹೊರಡಿಸಿದ್ದರು. ಶಿವರಾಮ ಕಾರಂತರು ಮಕ್ಕಳಿಗಾಗಿ 1936ರಲ್ಲಿ 'ಬಾಲಪ್ರಪಂಚ'ವನ್ನು ಮೂರು ಸಂಪುಟಗಳಲ್ಲಿಯೂ, ಬಳಿಕ ದೊಡ್ಡವರಿಗಾಗಿ 1959ರಿಂದ 'ವಿಜ್ಞಾನ ಪ್ರಪಂಚ'ವನ್ನು ನಾಲ್ಕು ಸಂಪುಟಗಳಲ್ಲಿಯೂ ಒಬ್ಬರೇ ಬರೆದರು. ಅವು ಹಳೆಯವಾದುವು ಎಂದು ಕೆಲವರು ಆಕ್ಷೇಪಿಸುವರು. ಹೌದು, ಅವು ಬರೆಯಲ್ಪಟ್ಟಾಗ ಮನುಷ್ಯನು ಚಂದ್ರನ ಮೇಲೆ ಇಳಿದಿರಲಿಲ್ಲ, ಪ್ಲೂಟೋ ಗ್ರಹಗಳ ಪಂಕ್ತಿಯಲ್ಲಿಯೇ ಇತ್ತು. ಪ್ಲೂಟೋವನ್ನು ಆ ಪಂಕ್ತಿಯಿಂದ ಎಬ್ಬಿಸಿದ್ದು 2006ರಲ್ಲಿ. ಆದರೆ ಹಳೆಯ ಸಂಪುಟವೊಂದನ್ನು ಮುಂದಿಟ್ಟುಕೊಂಡು, ಇದರಲ್ಲಿ ಈಗ ಯಾವುದು ಬದಲಾಗಿದೆ ಹುಡುಕು ಎಂದು ಮಗುವಿಗೆ ಹೇಳಿದರೆ, ಅದಕ್ಕಿಂತ ಒಳ್ಳೆಯ ರಜೆಯ ಕೆಲಸವು ನಮಗೆ ತೋರುವುದಿಲ್ಲ. ಇಲ್ಲಿ ಮೊಬೈಲನ್ನೂ ಬಳಸಿಕೊಳ್ಳಲಿ.

ಕೊನೆಯದಾಗಿ ಬಿ. ಜಿ. ಎಲ್. ಸ್ವಾಮಿಯವರ 'ಹಸುರು ಹೊನ್ನು'. 1976ರಲ್ಲಿ ಬಂದ ಈ ಗ್ರಂಥಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಮದರಾಸಿನ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಅಧ್ಯಾಪಕರಾಗಿದ್ದವರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಬೆಟ್ಟಗಳನ್ನು ಸುತ್ತಿ, ಗಿಡಗಳನ್ನು ಹುಡುಕಿ, ಅವುಗಳ ಚಿತ್ರಗಳನ್ನು ತಮ್ಮ ಕೈಯಿಂದಲೇ ಬರೆದು, ನಡುನಡುವೆ ನಗಿಸುತ್ತ ಹೇಳಿದ ಪ್ರವಾಸಕಥನವಿದು. ತಂತ್ರವಿದ್ಯೆ, ದತ್ತಾಂಶ ಎಂಬ ಮಾತುಗಳು ಇದರಲ್ಲಿ ಇಲ್ಲ. ಎಲೆಯನ್ನು ತಿರುಗಿಸಿ ಬೆನ್ನನ್ನು ನೋಡುವ ಅಭ್ಯಾಸವಿದೆ. ಕಾರಂತರ ಸಂಪುಟಗಳು ಸಿಕ್ಕದ ಊರುಗಳಲ್ಲಿ ಗ್ರಂಥಾಲಯದವರನ್ನು ಕೇಳಿ, ಹಿಂದಿನ ಕೊಠಡಿಯ ಕಪಾಟುಗಳನ್ನು ತೆರೆಯಿಸಿ ನೋಡಬೇಕು. ಸ್ವಾಮಿಯವರ ಪುಸ್ತಕವು ಅಂಗಡಿಗಳಲ್ಲಿಯೇ ದೊರೆಯುವುದು. ಮನೆಯಲ್ಲಿ ಒಬ್ಬರು ಗಟ್ಟಿಯಾಗಿ ಓದಿ ಉಳಿದವರು ಕೇಳುವುದಕ್ಕೆ ಅದರ ಯಾವ ಅಧ್ಯಾಯವಾದರೂ ಆದೀತು.